ಘಾಟಿ ಹತ್ತುವಾಗ ನಿಂತುಬಿಡುವ ಹಳೇ ಪದ್ಮಿನಿ: ದೋಷ ಹುಡುಕುವ ಕ್ರಮ

ಮನೆಯ ಶೆಡ್ಡಿನಲ್ಲೇ ಹಳೇ ಫಿಯಟ್, ಪದ್ಮಿನಿ ಬಿಚ್ಚಿ ಜೋಡಿಸಿ ಒರಿಜಿನಲ್ ರೂಪಕ್ಕೆ ತಂದವರು ಕೊಡಗಿನಲ್ಲಿ ಹೇಳುವ ದೂರು ಹೆಚ್ಚುಕಡಿಮೆ ಒಂದೇ. ಅಂಗಳದಲ್ಲಿ ಗಾಡಿ ಚೆನ್ನಾಗಿ ಓಡುತ್ತದೆ. ಕುಶಾಲನಗರದ ಸಪಾಟು ರಸ್ತೆಯಲ್ಲೂ ತಕರಾರಿಲ್ಲ. ಸಂಪಾಜೆ ದಾಟಿ ಮಡಿಕೇರಿ ಕಡೆಯ ಘಾಟಿ ಹಿಡಿದ ಮೇಲೆ, ಕೊಯನಾಡು, ದೇವರಕೊಲ್ಲಿ ಕಳೆಯುವಷ್ಟರಲ್ಲಿ ಎರಡು ಸಲ ಜಗ್ಗಿ ಆಫ್. ಹತ್ತು ಹದಿನೈದು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗೇ ಇಲ್ಲ ಅನ್ನುವಂತೆ ಸ್ಟಾರ್ಟ್. ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದರೆ ಅಲ್ಲಿ ನಿಲ್ಲುವುದೇ ಇಲ್ಲ.

ಈ ದೋಷದ ಆಯುಸ್ಸು ಹತ್ತು ನಿಮಿಷ. ಅಷ್ಟರೊಳಗೆ ಹಿಡಿದರೆ ಸಿಕ್ಕಿತು. ಎಂಜಿನ್ ತಣ್ಣಗಾದ ಮೇಲೆ ಎಷ್ಟು ತಡಕಾಡಿದರೂ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಇಲ್ಲಿರುವ ಪರೀಕ್ಷೆಗಳೆಲ್ಲ ಗಾಡಿ ನಿಂತ ಜಾಗದಲ್ಲೇ, ಬಿಸಿ ಇರುವಾಗಲೇ ಮಾಡುವಂಥವು. ಶೆಡ್ಡಿಗೆ ತಂದು ಕಾಯಿಲ್, ಪಂಪ್, ಕಾರ್ಬುರೇಟರ್ ಕಿಟ್ ಮೂರನ್ನೂ ಒಟ್ಟಿಗೆ ಬದಲಾಯಿಸುವವರಿದ್ದಾರೆ. ಅಕಸ್ಮಾತ್ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಸರಿಹೋಗದಿದ್ದರೆ ಇನ್ನೂ ಮೂರು ಹೊಸ ಅನುಮಾನಗಳನ್ನು ಗಾಡಿಗೆ ಹಾಕಿದ ಹಾಗಾಯಿತು.

ಹೊಸ ಭಾಗವನ್ನು ಅನುಮಾನ ಅಂದದ್ದು ಸುಮ್ನೆ ಅಲ್ಲ. ನಲವತ್ತು ವರ್ಷ ಓಡಿದ ಕಾಯಿಲ್ ಇನ್ನೊಂದು ವರ್ಷ ಓಡೀತು. ಹೋದ ವಾರ ಪೊಟ್ಟಣದಿಂದ ತೆಗೆದು ಹಾಕಿದ ಕಂಡೆನ್ಸರ್ ಓಡುತ್ತದೆ ಅನ್ನುವುದಕ್ಕೆ ಏನು ಖಾತ್ರಿ? ಪೂರ್ತಿ ಬಿಚ್ಚಿ ಜೋಡಿಸಿದ ಗಾಡಿಯಲ್ಲಿ ದೋಷ ಕಂಡರೆ, ನಾನು ಮೊದಲು ನೋಡುವುದು ರಿಪೇರಿ ಸಮಯದಲ್ಲಿ ಏನೇನು ಹೊಸದಾಗಿ ಬಂತು, ಏನೇನು ವಾಪಸ್ ಕೂರಲಿಲ್ಲ ಅನ್ನುವುದನ್ನು.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ನಮ್ಮ ಪಕ್ಕದ ತೋಟದವರ ಪದ್ಮಿನಿ. ಮುಂಬೈಯ ಕುರ್ಲಾ ಕಾರ್ಖಾನೆಯಲ್ಲಿ 1964ರಿಂದ ಫಿಯಟ್ 1100 ಡಿಲೈಟ್ ಅಂತ ತಯಾರಾಗಿ, 1970ರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಅಂತ ಹೆಸರು ಪಡೆದ ಅದೇ ಗಾಡಿ. 1089 ಸಿಸಿ, ನಾಲ್ಕು ಸಿಲಿಂಡರ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್. ಪೆಟ್ರೋಲ್ ಎಳೆಯುವುದು ಎಂಜಿನ್‌ಗೆ ಕೂರಿಸಿದ ಡಯಾಫ್ರಂ ಪಂಪು. ಕಿಡಿ ಕೊಡುವುದು ಪಾಯಿಂಟ್ (ಕಾಯಿಲ್‌ನ ಕರೆಂಟನ್ನು ತೆರೆದು ಮುಚ್ಚುವ ಸ್ವಿಚ್ಚು), ಕಂಡೆನ್ಸರ್ (ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರದಂತೆ ತಡೆಯುವುದು), ಕಾಯಿಲ್ (ಬ್ಯಾಟರಿಯ ವೋಲ್ಟೇಜನ್ನು ಕಿಡಿ ಹಾರುವಷ್ಟು ಏರಿಸುವುದು). ಅಂಬಾಸಿಡರ್, ಹೆರಾಲ್ಡ್, ಹಳೇ ಪೆಟ್ರೋಲ್ ಜೀಪು ಇಟ್ಟುಕೊಂಡವರಿಗೂ ಕ್ರಮ ಇದೇ. ಭಾಗಗಳು, ಅವುಗಳ ಜಾಗ ಸ್ವಲ್ಪ ಬೇರೆ ಇರಬಹುದು.

ಡಿಕ್ಕಿಯಲ್ಲಿ ಏನಿರಬೇಕು

ಎರಡು ವಯರ್ ಬೆಸೆದ 12 ವೋಲ್ಟ್ ಬಲ್ಬ್, ವಯರ್ ತುದಿಗೆ ಕ್ಲಿಪ್ಪು. ಒಂದು ಒಳ್ಳೇ ಪ್ಲಗ್. ಪ್ಲಗ್ ಸ್ಪ್ಯಾನರ್, ಸ್ಕ್ರೂಡ್ರೈವರ್, ಕಟಿಂಗ್ ಪ್ಲೈಯರ್. ಹಳೇ ಹತ್ತಿ ಬಟ್ಟೆ, ಒಂದು ಬಾಟಲಿ ನೀರು, ಮುಚ್ಚಳ ಇರುವ ಖಾಲಿ ಗಾಜಿನ ಸೀಸೆ. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಚಕ್ರಕ್ಕೆ ಕೊಡಲು ಮರದ ತುಂಡು ಎರಡು. ಘಾಟಿಯಲ್ಲಿ ಕಲ್ಲು ಹುಡುಕುತ್ತಾ ಕೂರುವ ಹೊತ್ತಲ್ಲ ಅದು.

ಹೇಗೆ ನಿಂತಿತು?

ಸ್ಪ್ಯಾನರ್ ಮುಟ್ಟುವ ಮೊದಲೇ ಅರ್ಧ ಉತ್ತರ ಇಲ್ಲಿ ಸಿಗುತ್ತದೆ. ಓಡಿಸುತ್ತಿದ್ದವರನ್ನು ಕೂರಿಸಿ ಕೇಳಬೇಕು, ಅದೂ ಕೂಡಲೇ. ಮನೆಗೆ ಬಂದ ಮೇಲೆ ನೆನಪು ಬೇರೆ ಆಗಿರುತ್ತದೆ.

ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಂದೇ ಸಲ ಸದ್ದು ಕಟ್ ಆಯಿತಾ? ಹಾಗಾದರೆ ಕರೆಂಟ್ ಕಡೆಯ ದೋಷ. ಪಿಕಪ್ ಬಿದ್ದು, ಜಗ್ಗಿ, ಆಕ್ಸಲರೇಟರ್ ಒತ್ತಿದರೂ ಏಳದೆ ನಿಧಾನಕ್ಕೆ ಸತ್ತಿತಾ? ಆಗ ಪೆಟ್ರೋಲ್ ಕಡೆ. ಜಗ್ಗುವುದರ ಜೊತೆ ಸೈಲೆನ್ಸರ್‌ನಲ್ಲಿ ಪಟಪಟ ಸದ್ದು ಬಂದಿದ್ದರೆ ಕಿಡಿ ಬಿಟ್ಟುಬಿಟ್ಟು ಬರುತ್ತಿದೆ ಅಂತ ಅರ್ಥ. ಕಾರ್ಬುರೇಟರ್ ಬಾಯಲ್ಲಿ ಕೆಮ್ಮಿದರೆ ಪೆಟ್ರೋಲ್ ಸಾಲುತ್ತಿಲ್ಲ. ನೂರಕ್ಕೆ ನೂರು ಹೀಗೇ ಅಂತ ಹೇಳಲಾಗದು, ಆದರೆ ಎಲ್ಲಿಂದ ಶುರು ಮಾಡಬೇಕು ಅನ್ನುವುದಕ್ಕೆ ಸಾಕು.

ಎರಡನೇ ಪ್ರಶ್ನೆ: ಟ್ಯಾಂಕ್‌ನಲ್ಲಿ ಎಷ್ಟಿತ್ತು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದ್ದು ಇದನ್ನೇ. ಪೆಟ್ರೋಲ್ ತಳ ಮುಟ್ಟಿದಾಗ ಮಾತ್ರ ತೊಂದರೆ ಕೊಟ್ಟರೆ ತುಕ್ಕು, ಕಸ ಅಥವಾ ನೀರು. ಫುಲ್ ಟ್ಯಾಂಕ್ ಹಾಕಿಸಿದ ದಿನವೇ ನಿಂತರೆ ಕಥೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ. ಎಷ್ಟಿದ್ದರೂ ಬಿಸಿಲಲ್ಲಿ ಮಾತ್ರ ನಿಲ್ಲುತ್ತದೆ, ರಾತ್ರಿ ನಿಲ್ಲುವುದಿಲ್ಲ ಅಂದರೆ ಪೆಟ್ರೋಲ್ ಪೈಪಿನಲ್ಲೇ ಆವಿ ಆಗುತ್ತಿದೆ.

ಮೂರನೆಯದು: ಮಡಿಕೇರಿ ತಲುಪಿದ ಮೇಲೆ ಪಿಕಪ್ ಕಮ್ಮಿ ಅನ್ನುವುದು ದೋಷವೇ ಅಲ್ಲ. ಮಡಿಕೇರಿ ಇರುವುದು ಸಮುದ್ರ ಮಟ್ಟದಿಂದ 1100 ಮೀಟರಿಗೂ ಮೇಲೆ. ಅಲ್ಲಿನ ಗಾಳಿ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ತೆಳು. ಮೊದಲೇ ನಲವತ್ತು ಚಿಲ್ಲರೆ ಕುದುರೆಯ ಎಂಜಿನ್, ಅದರಲ್ಲಿ ನಾಲ್ಕೈದು ಕುದುರೆ ಘಾಟಿಯಲ್ಲೇ ಇಳಿದುಹೋಗುತ್ತವೆ. ಅದಕ್ಕೆ ಕಾರ್ಬುರೇಟರ್ ಬಿಚ್ಚಬೇಡಿ.

ಮೊದಲ ಐದು ನಿಮಿಷ

ಗಾಡಿಯನ್ನು ತಿರುವಿನಿಂದ ಆಚೆ, ಬರೆಯ (ರಸ್ತೆ ಬದಿಯ ಕಡಿದಾದ ಮಣ್ಣಿನ ಗೋಡೆಯ) ಕೆಳಗಲ್ಲದ ಜಾಗದಲ್ಲಿ ನಿಲ್ಲಿಸಿ. ಮಳೆಗಾಲದಲ್ಲಂತೂ ಜೋಡುಪಾಲ, ಮದೆನಾಡು ಭಾಗದಲ್ಲಿ ಬರೆ ಪಕ್ಕ ನಿಂತು ಬಾನೆಟ್ ಎತ್ತುವುದು ಬೇಡವೇ ಬೇಡ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಚಕ್ರಕ್ಕೆ ಮರ ಕೊಡಿ. ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ಮೊದಲು ಹೋಗಬೇಕಾದ್ದು ಬಾನೆಟ್ ಹತ್ತಿರ ಅಲ್ಲ, ಹಿಂದಕ್ಕೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು ನಿಧಾನಕ್ಕೆ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಈ ಪರೀಕ್ಷೆಗೆ ಸಲಕರಣೆ ಬೇಡ, ಆದರೆ ತಡ ಮಾಡಿದರೆ ಸಾಕ್ಷಿ ಸೋರಿಹೋಗುತ್ತದೆ. ಉಸ್ ಅಂತ ಸದ್ದು ಬಂದರೆ ಅದು ಒಳಗೆ ಎಳೆದ ಗಾಳಿಯೋ, ಹೊರಗೆ ಬಿಟ್ಟ ಆವಿಯೋ ನೋಡಬೇಕು. ಬಿಸಿಲಲ್ಲಿ ಟ್ಯಾಂಕ್ ಹೊರಗೆ ಉಸಿರು ಬಿಡುವುದು ಸಾಮಾನ್ಯ. ಮುಚ್ಚಳ ಕಚ್ಚಿಕೊಂಡಿದ್ದು, ತೆಗೆದ ಕೂಡಲೇ ಬಾಯಿಯ ಮೇಲಿಟ್ಟ ಅಂಗೈಯನ್ನು ಒಳಗೆ ಎಳೆದರೆ ಉತ್ತರ ಸಿಕ್ಕಿದಂತೆ. ಮುಚ್ಚಳವನ್ನು ಸಡಿಲ ಬಿಟ್ಟು ಸೆಲ್ಫ್ ಹೊಡೆಯಿರಿ.

ಆಮೇಲೆ ಬಾನೆಟ್. ಇಲ್ಲೊಂದು ಕ್ರಮ ತಪ್ಪಬಾರದು: ಕಿಡಿ ಪರೀಕ್ಷೆ ಮೊದಲು, ಪೆಟ್ರೋಲ್ ಪೈಪ್ ಬಿಚ್ಚುವುದು ನಂತರ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚೆಲ್ಲಿ, ಅದರ ಪಕ್ಕದಲ್ಲೇ ಕಿಡಿ ಹಾರಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಒಂದು ಪ್ಲಗ್ ವಯರ್ ಕಿತ್ತು, ಡಿಕ್ಕಿಯಲ್ಲಿದ್ದ ಪ್ಲಗ್‌ಗೆ ಹಾಕಿ, ಪ್ಲಗ್ಗಿನ ಲೋಹದ ಮೈ ಎಂಜಿನ್ ಬ್ಲಾಕಿಗೆ ತಾಗುವ ಹಾಗೆ ಇಡಿ. ಕಾರ್ಬುರೇಟರ್‌ನಿಂದ ದೂರದ ಸಿಲಿಂಡರ್ ಆದರೆ ಒಳ್ಳೆಯದು. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಕಿಡಿ ಚಟಚಟ ಅಂತ ಹಾರಿದರೆ ಕರೆಂಟ್ ಕಡೆ ಸದ್ಯಕ್ಕೆ ಸರಿ. ಹಳದಿ, ತೆಳ್ಳಗಿನ, ಒಮ್ಮೆ ಬಂದು ಒಮ್ಮೆ ಬಾರದ ಕಿಡಿ ಆದರೆ ಕಾಯಿಲ್, ಕಂಡೆನ್ಸರ್ ಭಾಗಕ್ಕೆ ಹೋಗಿ.

ಕಿಡಿ ಇದೆ ಅಂದರೆ ಏರ್ ಕ್ಲೀನರ್ ಮುಚ್ಚಳ ತೆಗೆದು, ಎಂಜಿನ್ ನಿಂತಿರುವಾಗಲೇ, ಕಾರ್ಬುರೇಟರ್ ಬಾಯೊಳಗೆ ಇಣುಕಿ ಆಕ್ಸಲರೇಟರ್ ಲಿಂಕನ್ನು ಕೈಯಲ್ಲಿ ಎಳೆಯಿರಿ. ಸಣ್ಣ ನಳಿಕೆಯಿಂದ ಪೆಟ್ರೋಲ್ ಧಾರೆ ಚಿಮ್ಮಬೇಕು. ಚಿಮ್ಮಿದರೆ ಫ್ಲೋಟ್ ಚೇಂಬರ್‌ನಲ್ಲಿ, ಅಂದರೆ ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲಲ್ಲಿ, ಪೆಟ್ರೋಲ್ ಇದೆ. ಒಣಗಿದ್ದರೆ, ಬರೀ ನೊರೆ ಬಂದರೆ, ಪೆಟ್ರೋಲ್ ತಲುಪುತ್ತಿಲ್ಲ.

ಇಲ್ಲಿಗೆ ದಾರಿ ಎರಡಾಯಿತು.

ಪೆಟ್ರೋಲ್ ತಲುಪುತ್ತಿಲ್ಲ ಅಂದರೆ

ಪಕ್ಕದ ತೋಟದವರ ಗಾಡಿ ನಿಲ್ಲುತ್ತಿದ್ದದ್ದು ಸುಳ್ಯದಲ್ಲಿ ಫುಲ್ ಟ್ಯಾಂಕ್ ಹಾಕಿಸಿಕೊಂಡು ಹೊರಟ ದಿನಗಳಲ್ಲಿ. ಬಂಕಿನ ಪೆಟ್ರೋಲೇ ಸರಿಯಿಲ್ಲ ಅನ್ನುವುದು ಅವರ ತೀರ್ಮಾನ. ಮಡಿಕೇರಿಯಲ್ಲಿ ಐದು ಲೀಟರ್ ಹಾಕಿಸಿಕೊಂಡು ಇಳಿದು ಹತ್ತಿದರೆ ನಿಲ್ಲುತ್ತಿರಲಿಲ್ಲವಾದ್ದರಿಂದ ಆ ತೀರ್ಮಾನ ಗಟ್ಟಿಯೂ ಆಗಿತ್ತು. ಪೆಟ್ರೋಲ್ ಸೀಸೆಯಲ್ಲಿ ಹಿಡಿದು ನೋಡಿದರೆ ತಿಳಿಯಾಗಿತ್ತು. ಮುಚ್ಚಳ ತಿರುಗಿಸಲು ಮಾತ್ರ ಎರಡೂ ಕೈ ಬೇಕಾಯಿತು.

ಲೆಕ್ಕ ಸರಳ. ಟ್ಯಾಂಕಿನಿಂದ ಒಂದು ಲೀಟರ್ ಪೆಟ್ರೋಲ್ ಹೊರಗೆ ಹೋದರೆ ಒಂದು ಲೀಟರ್ ಗಾಳಿ ಒಳಗೆ ಬರಬೇಕು. ಬರಲು ದಾರಿ ಇಲ್ಲದಿದ್ದರೆ ಒಳಗೆ ನಿರ್ವಾತ ಬೆಳೆಯುತ್ತದೆ. ಪಾಪದ ಡಯಾಫ್ರಂ ಪಂಪು ಒಂದು ಹಂತದ ನಂತರ ಎಳೆಯಲಾರದು. ಟ್ಯಾಂಕ್ ಅರ್ಧ ಖಾಲಿ ಇದ್ದರೆ ಒಳಗೆ ಬೇಕಾದಷ್ಟು ಗಾಳಿ ಇರುತ್ತದೆ, ಒಂದೆರಡು ಲೀಟರ್ ಹೋದರೂ ಅದು ಹಿಗ್ಗಿಕೊಂಡು ಸರಿದೂಗಿಸುತ್ತದೆ. ಫುಲ್ ಟ್ಯಾಂಕ್‌ನಲ್ಲಿ ಆ ಅವಕಾಶವೇ ಇಲ್ಲ. ಘಾಟಿಯಲ್ಲಿ ಸೆಕೆಂಡ್, ಥರ್ಡ್ ಗೇರಿನಲ್ಲಿ ಪೆಟ್ರೋಲ್ ಬೇರೆ ಜಾಸ್ತಿ ಕುಡಿಯುತ್ತದೆ. ಒಂದು ತಮಾಷೆ ನೋಡಿ: ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡವೂ ಇಳಿಯುವುದರಿಂದ ನಿರ್ವಾತ ಸ್ವಲ್ಪ ಕಮ್ಮಿಯಾಗಿ ಕಾಣುತ್ತದೆ. ಅದೇ ಮುಚ್ಚಳ ಹಾಕಿಕೊಂಡು ಫುಲ್ ಟ್ಯಾಂಕ್‌ನಲ್ಲಿ ಮಡಿಕೇರಿಯಿಂದ ಕೆಳಗಿಳಿದು ಕರಾವಳಿ ರಸ್ತೆಯಲ್ಲಿ ಓಡಿಸಿದ್ದರೆ ಇನ್ನೂ ಬೇಗ ನಿಲ್ಲಬೇಕಿತ್ತು.

ಹಳೇ ಮುಚ್ಚಳ ತುಕ್ಕು ಹಿಡಿದಿತ್ತು ಅಂತ ಬೀಗ ಇರುವ ಹೊಳೆಯುವ ಹೊಸ ಮುಚ್ಚಳ ಹಾಕಿದ್ದರು. ಒಳಗೆ ದಪ್ಪ ರಬ್ಬರ್ ವಾಷರ್, ಉಸಿರಾಡಲು ಸೂಜಿಮೊನೆಯಷ್ಟೂ ಜಾಗ ಇಲ್ಲ. ಬಾಯಿಟ್ಟು ಊದಿದರೆ ಗಾಳಿ ದಾಟಲೇ ಇಲ್ಲ. ಹಳೆಯದನ್ನು ಸಾಮಾನು ಡಬ್ಬಿಯಿಂದ ಹುಡುಕಿ ತೆಗೆದು, ಬೆಳಕಿಗೆ ಹಿಡಿದು ನೋಡಿದಾಗ ಒಳತಟ್ಟೆಯ ಅಂಚಿನಲ್ಲಿ ಒಂದು ಚಿಕ್ಕ ತೂತು ಕಂಡಿತು. ಅದರಲ್ಲಿ ಅರ್ಧ ತುಕ್ಕಿನ ಪುಡಿ. ಅದನ್ನು ತೆಗೆದು, ಮುಚ್ಚಳವನ್ನು ಉಜ್ಜಿ, ಹೊಸ ತೆಳು ವಾಷರ್ ಹಾಕಿ ಕೂರಿಸಿದ್ದಾಯಿತು.

ಎಲ್ಲ ಗಾಡಿಯಲ್ಲೂ ಉಸಿರು ಮುಚ್ಚಳದಲ್ಲೇ ಇರುವುದಿಲ್ಲ. ಕೆಲವದರಲ್ಲಿ ಟ್ಯಾಂಕಿನಿಂದ ಬೇರೆ ಸಣ್ಣ ಪೈಪು ಹೊರಡುತ್ತದೆ. ನಿಮ್ಮದರಲ್ಲಿ ಎಲ್ಲಿದೆ ಅಂತ ಹುಡುಕಿಟ್ಟುಕೊಳ್ಳಿ. ಆ ಪೈಪಿನ ತುದಿಯನ್ನು ಟಿಂಕರಿಂಗ್ ಸಮಯದಲ್ಲಿ ಪುಟ್ಟಿಯೋ, ಪೇಂಟೋ ಮುಚ್ಚಿರಬಹುದು. ತೋಟದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಇನ್ನೊಬ್ಬ ಆರೋಪಿ ಕುಂಬಾರ ಹುಳ. ಬೆರಳು ಹೋಗದ ತೂತಿಗೂ ಅಚ್ಚುಕಟ್ಟಾಗಿ ಮಣ್ಣು ಮೆತ್ತಿ ಮನೆ ಮಾಡಿರುತ್ತದೆ. ತಂತಿ ಹಾಕಿ ತಳ್ಳಬೇಡಿ, ಮಣ್ಣು ಟ್ಯಾಂಕಿಗೆ ಬೀಳುತ್ತದೆ. ಪೈಪ್ ಬಿಚ್ಚಿ ಹಿಂದಿನಿಂದ ಊದಿ.

ಮುಚ್ಚಳ ಸರಿಯಿದ್ದೂ ಪೆಟ್ರೋಲ್ ಬರುತ್ತಿಲ್ಲವಾದರೆ ಮುಂದಿನ ಅನುಮಾನ ಮೆಕ್ಯಾನಿಕ್‌ಗಳು ಏರ್ ಲಾಕ್ ಅನ್ನುವುದು, ಅಂದರೆ ಪಂಪು ಅಥವಾ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪು ಬರೀ ಆವಿಯನ್ನು ಹಿಂಡುತ್ತಾ ಕೂರುವುದು. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಆಸುಪಾಸಿನಲ್ಲೇ ಕುದಿಯಲು ಶುರು ಮಾಡುತ್ತವೆ. ಎತ್ತರಕ್ಕೆ ಹೋದಂತೆ ಇನ್ನೂ ಮುಂಚೆ. ಪಂಪಿನ ಹಿಂದಿನ ಪೈಪಿನಲ್ಲಿ ಎಳೆತ ಇರುವುದರಿಂದ ಅಲ್ಲಿ ಮತ್ತೂ ಸುಲಭ. ಪರೀಕ್ಷೆ: ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಪಂಪಿನ ಮೇಲೆ ಮಾತ್ರ ಹಾಕಿ. ಎರಡು ನಿಮಿಷದಲ್ಲಿ ಸ್ಟಾರ್ಟ್ ಆದರೆ ಸಿಕ್ಕಿತು. ಕಾಯಿಲ್ ಮೇಲೂ ಅದೇ ಹೊತ್ತಿಗೆ ಒದ್ದೆ ಬಟ್ಟೆ ಹಾಕಿದರೆ ಪರೀಕ್ಷೆ ಕೆಟ್ಟಿತು, ಯಾವುದರಿಂದ ಸ್ಟಾರ್ಟ್ ಆಯಿತು ಅಂತ ಹೇಳಲಾಗದು. ನೀರನ್ನು ನೇರ ಸುರಿಯಲೇಬೇಡಿ. ಬಿಸಿ ಎರಕದ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಏರ್ ಲಾಕ್ ಅಂತ ಖಾತ್ರಿಯಾದ ಮೇಲೆ ಕೂಡಲೇ ಎಲೆಕ್ಟ್ರಿಕ್ ಪಂಪ್ ಹಾಕಿಸಿ ಅನ್ನುವ ಸಲಹೆ ಬರುತ್ತದೆ. ನನಗೆ ಒಪ್ಪಿಗೆಯಿಲ್ಲ. ಕಾರ್ಖಾನೆಯಿಂದ ಬಂದ ಕಾಲದಲ್ಲಿ ಈ ಗಾಡಿಗಳು ಇದೇ ಪಂಪಿನಲ್ಲಿ ಇದೇ ಘಾಟಿ ಹತ್ತಿದ್ದವು. ಈಗ ಹತ್ತುತ್ತಿಲ್ಲ ಅಂದರೆ ಏನೋ ಬದಲಾಗಿದೆ, ಅದನ್ನು ಹುಡುಕುವುದು ಬಿಟ್ಟು ಮೇಲೊಂದು ಪಂಪು ಕೂರಿಸಿದರೆ ದೋಷ ಮುಚ್ಚಿಹೋಗುತ್ತದೆ ಅಷ್ಟೆ. ಮುಚ್ಚಳ ಕಟ್ಟಿರುವ ಗಾಡಿಗೆ ಜೋರು ಪಂಪು ಹಾಕಿದರೆ ಹಳೇ ತಗಡಿನ ಟ್ಯಾಂಕ್ ಒಳಕ್ಕೆ ಜಗ್ಗುವುದೂ ಉಂಟು.

ಏನು ಬದಲಾಗಿರಬಹುದು? ನೋಡಬೇಕಾದ ಜಾಗಗಳು ಇವು. ಪಂಪು ಮತ್ತು ಬ್ಲಾಕಿನ ನಡುವಿನ ದಪ್ಪ ಬಿಲ್ಲೆ. ಅದು ಬಿಸಿ ತಡೆಯುವುದಕ್ಕೇ ಇರುವುದು. ಅದನ್ನು ಬಿಟ್ಟು ಬರೀ ಪೇಪರ್ ಗ್ಯಾಸ್ಕೆಟ್ ಹಾಕಿ ಕೂರಿಸಿರುತ್ತಾರೆ. ಅದರ ದಪ್ಪ ಬದಲಾದರೆ ಪಂಪಿನ ಲಿವರ್ ಹೊಡೆತವೂ ಬದಲಾಗುತ್ತದೆ. ಕಾರ್ಬುರೇಟರ್ ಬುಡದ ಬಿಲ್ಲೆಗೂ ಇದೇ ಮಾತು. ಎಕ್ಸಾಸ್ಟ್ ಹತ್ತಿರ ಇದ್ದ ತಗಡಿನ ಮರೆಗಳು ಬಿಚ್ಚುವಾಗ ತುಕ್ಕು ಹಿಡಿದು ಮುರಿದವೆಂದು ಗುಜರಿಗೆ ಹೋಗಿರುತ್ತವೆ. ರೇಡಿಯೇಟರ್ ಅಕ್ಕಪಕ್ಕದ ಗಾಳಿ ತಡೆಯುವ ಪಟ್ಟಿಗಳೂ ಅಷ್ಟೆ. ಇನ್ನು ಪಾರದರ್ಶಕ ಪ್ಲಾಸ್ಟಿಕ್ ಫಿಲ್ಟರ್. ಒಳ್ಳೆಯದೇ, ಆದರೆ ಅದನ್ನು ಬಿಸಿ ಸಿಲಿಂಡರ್ ಹೆಡ್ ಮೇಲೆ ನೇತುಹಾಕಿದರೆ ಅದೇ ಆವಿ ತಯಾರಿಸುವ ಪಾತ್ರೆ ಆಗುತ್ತದೆ. ಟ್ಯಾಂಕ್ ಮತ್ತು ಪಂಪಿನ ನಡುವೆ, ತಣ್ಣಗಿನ ಜಾಗದಲ್ಲಿ ಹಾಕಿ.

ರಬ್ಬರ್ ಪೈಪನ್ನು ಬಿಚ್ಚಿ ಒಳಗೆ ಬೆಳಕು ಬಿಟ್ಟು ನೋಡಿ. ಈಗ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ 20ರವರೆಗೆ ಎಥನಾಲ್ ಇದೆ. ಹಳೇ ಕಾಲದ ರಬ್ಬರಿಗೆ ಅದು ಆಗಿಬರುವುದಿಲ್ಲ. ಹೊರಗಿನಿಂದ ನೋಡಲು ಪೈಪು ಚೆನ್ನಾಗೇ ಇರುತ್ತದೆ, ಒಳಪದರ ಮಾತ್ರ ಸುಲಿದು ನಾಲಿಗೆಯ ಹಾಗೆ ಜೋತುಬಿದ್ದಿರುತ್ತದೆ. ಎಳೆತ ಜಾಸ್ತಿಯಾದಾಗ ಅದು ದಾರಿ ಮುಚ್ಚುತ್ತದೆ, ಎಂಜಿನ್ ನಿಂತ ಮೇಲೆ ಬಿಡುತ್ತದೆ. ಲಕ್ಷಣ ಏರ್ ಲಾಕ್‌ನದ್ದೇ. ಆದರೆ ಒದ್ದೆ ಬಟ್ಟೆಗೆ ಜಗ್ಗುವುದಿಲ್ಲ, ರಾತ್ರಿಯೂ ಕಾಡುತ್ತದೆ. ಪಂಪಿನ ಡಯಾಫ್ರಂ, ಕಾರ್ಬುರೇಟರ್ ಕಿಟ್ ತರುವಾಗಲೂ ಎಥನಾಲ್ ತಾಳುವ ರಬ್ಬರೇ ಬೇಕು ಅಂತ ಕೇಳಿ ತನ್ನಿ.

ಎಥನಾಲ್‌ನ ಇನ್ನೊಂದು ಗುಣ ನೀರು ಹೀರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರು ನಮ್ಮದು. ಅರ್ಧ ಟ್ಯಾಂಕ್ ಪೆಟ್ರೋಲ್ ಇಟ್ಟು ಮಳೆಗಾಲ ಪೂರ್ತಿ ಗಾಡಿ ನಿಲ್ಲಿಸಿದರೆ, ನೀರು ಜಾಸ್ತಿಯಾದಾಗ ಎಥನಾಲ್ ಸಮೇತ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಕೂರುತ್ತದೆ. ತಳದಿಂದ ಒಂದಿಷ್ಟು ಗಾಜಿನ ಸೀಸೆಗೆ ಇಳಿಸಿ, ಅಲ್ಲಾಡಿಸದೆ ಬಿಡಿ. ಎರಡು ಪದರ ಕಂಡರೆ ಟ್ಯಾಂಕ್ ಖಾಲಿ ಮಾಡಲೇಬೇಕು. ಕೆಂಪು ಪುಡಿ ಕೂತರೆ ಟ್ಯಾಂಕ್ ಬಿಚ್ಚಿ ಒಳಗೆ ತೊಳೆಸಬೇಕು. ಹೊರಗೆ ಎರಡು ಕೋಟು ಪೇಂಟ್ ಹೊಡೆದು ಒಳಗೆ ಇಣುಕದೆ ಕೂರಿಸಿದ ಟ್ಯಾಂಕುಗಳೇ ಜಾಸ್ತಿ.

ಕಿಡಿ ಇಲ್ಲ ಅಂದರೆ

ಇಲ್ಲಿ ಬಲ್ಬು ಕೆಲಸಕ್ಕೆ ಬರುತ್ತದೆ. ಒಂದು ಕ್ಲಿಪ್ಪನ್ನು ಎಂಜಿನ್‌ನ ಪೇಂಟ್ ಇಲ್ಲದ ಲೋಹಕ್ಕೆ ಕಚ್ಚಿಸಿ. ಕೀ ಆನ್ ಮಾಡಿ, ಇನ್ನೊಂದನ್ನು ಕಾಯಿಲ್‌ಗೆ ಬ್ಯಾಟರಿ ಕಡೆಯಿಂದ ಬರುವ ಟರ್ಮಿನಲ್‌ಗೆ ಇಡಿ. ಬಲ್ಬು ಉರಿಯಬೇಕು. ಉರಿಯದಿದ್ದರೆ ಕೀ ಸ್ವಿಚ್, ಫ್ಯೂಸ್, ವಯರಿಂಗ್. ಘಾಟಿಯಲ್ಲಿ ಕುಲುಕಿದಾಗ ಬಿಟ್ಟುಹೋಗುವ ಸಡಿಲ ಟರ್ಮಿನಲ್ ಇಲ್ಲೇ ಸಿಗುವುದು.

ಈಗ ಕ್ಲಿಪ್ಪನ್ನು ಕಾಯಿಲ್‌ನಿಂದ ಡೆಲ್ಕೋಗೆ (ಪಾಯಿಂಟ್ ಒಳಗಿರುವ, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್) ಹೋಗುವ ಟರ್ಮಿನಲ್‌ಗೆ ಬದಲಿಸಿ ಸೆಲ್ಫ್ ಹೊಡೆಸಿ. ಬಲ್ಬು ಮಿನುಗಬೇಕು. ಪಾಯಿಂಟ್ ತೆರೆದಾಗ ಹತ್ತಿ, ಮುಚ್ಚಿದಾಗ ಆರಬೇಕು. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಅಥವಾ ಮುಚ್ಚಿದರೂ ತುದಿ ಕರಕಲಾಗಿ ಕರೆಂಟ್ ದಾಟುತ್ತಿಲ್ಲ, ಅಥವಾ ಒಳಗಿನ ತಟ್ಟೆಗೆ ಅರ್ತ್ ಇಲ್ಲ. ಹತ್ತುವುದೇ ಇಲ್ಲ ಅಂದರೆ ಪಾಯಿಂಟ್ ತೆರೆಯುತ್ತಿಲ್ಲ, ಇಲ್ಲವೇ ಒಳಗಿನ ವಯರ್ ಅಥವಾ ಕಂಡೆನ್ಸರ್ ಬಾಡಿಗೆ ಶಾರ್ಟ್ ಆಗಿದೆ, ಇಲ್ಲವೇ ಕಾಯಿಲ್ ಒಳಗೇ ತುಂಡಾಗಿದೆ. ಪಾಯಿಂಟ್ ಅಂತರ ಸುಮಾರು 0.4 ಮಿಲಿಮೀಟರ್ ಇರಬೇಕು. ಪಾಯಿಂಟಿನ ಫೈಬರ್ ಹಿಮ್ಮಡಿಗೆ ಗ್ರೀಸ್ ಹಚ್ಚದಿದ್ದರೆ ಅದು ಬೇಗ ಸವೆದು ಅಂತರ ಮುಚ್ಚಿಕೊಳ್ಳುತ್ತದೆ. ಹೊಸ ಪಾಯಿಂಟ್ ಹಾಕಿದ ಗಾಡಿಯನ್ನು ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಅಂತರ ಮತ್ತೊಮ್ಮೆ ನೋಡಲೇಬೇಕು.

ಬಲ್ಬು ಸರಿಯಾಗಿ ಮಿನುಗುತ್ತದೆ, ಆದರೂ ಪ್ಲಗ್‌ನಲ್ಲಿ ಕಿಡಿ ಇಲ್ಲ. ಆಗ ಕಾಯಿಲ್‌ನಿಂದ ಬರುವ ದಪ್ಪ ವಯರನ್ನು ಡೆಲ್ಕೋ ಕ್ಯಾಪಿನಿಂದ ಕಿತ್ತು, ಇನ್ಸುಲೇಷನ್ ಇರುವ ಪ್ಲೈಯರ್‌ನಲ್ಲಿ ಹಿಡಿದು, ಬ್ಲಾಕಿನಿಂದ ಐದಾರು ಮಿಲಿಮೀಟರ್ ದೂರ ಇಟ್ಟು ಸೆಲ್ಫ್ ಹೊಡೆಸಿ. ಇಲ್ಲಿ ಕಿಡಿ ಇದ್ದು ಪ್ಲಗ್‌ನಲ್ಲಿ ಇಲ್ಲದಿದ್ದರೆ ರೋಟರ್ (ಕ್ಯಾಪಿನೊಳಗೆ ತಿರುಗುತ್ತಾ ಕಿಡಿ ಹಂಚುವ ತುಂಡು) ಅಥವಾ ಕ್ಯಾಪ್. ಇಲ್ಲೂ ಇಲ್ಲದಿದ್ದರೆ ಕಾಯಿಲ್ ಅಥವಾ ಕಂಡೆನ್ಸರ್.

ಕಾಯಿಲ್ ಮುಟ್ಟಿ ನೋಡಿ. ಬೆಚ್ಚಗಿರುವುದು ಸಹಜ. ಕೈ ಇಡಲಾರದಷ್ಟು ಸುಟ್ಟರೆ ಮಲ್ಟಿಮೀಟರ್ ತೆಗೆಯಿರಿ. ಎರಡೂ ಸಣ್ಣ ವಯರ್ ಕಿತ್ತು, ಆ ಎರಡು ಟರ್ಮಿನಲ್ ನಡುವೆ ಅಳೆದರೆ ಬ್ಯಾಲಸ್ಟ್ (ಕರೆಂಟ್ ಕಮ್ಮಿ ಮಾಡಲು ಹೊರಗೆ ಹಾಕುವ ರೆಸಿಸ್ಟರ್) ಇಲ್ಲದ 12 ವೋಲ್ಟ್ ಕಾಯಿಲ್‌ಗೆ ಸುಮಾರು 3 ಓಮ್ ಬರಬೇಕು. ಒಂದೂವರೆ ಓಮ್ ಬಂದರೆ ಅದು ಬ್ಯಾಲಸ್ಟ್ ರೆಸಿಸ್ಟರ್ ಇರುವ ಗಾಡಿಯ ಕಾಯಿಲ್. ಮೈಮೇಲೆ 12 ವೋಲ್ಟ್ ಅಂತ ಬರೆದಿರುವುದರಿಂದ ಅಂಗಡಿಯವರೂ ಕೊಡುತ್ತಾರೆ, ನಾವೂ ತರುತ್ತೇವೆ. 4 ಆಂಪಿಯರ್ ಹರಿಯಬೇಕಾದಲ್ಲಿ 8 ಹರಿಯುತ್ತದೆ, ಪಾಯಿಂಟ್ ಸುಡುತ್ತದೆ, ಕಾಯಿಲ್ ಬಿಸಿಯಾಗಿ ಒಳಗಿನ ಸುತ್ತು ಬಿಟ್ಟುಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಕೂಡುತ್ತದೆ. ಇಲ್ಲಿಯ ಪರೀಕ್ಷೆಗೂ ಒದ್ದೆ ಬಟ್ಟೆಯೇ, ಚೆನ್ನಾಗಿ ಹಿಂಡಿ, ಟರ್ಮಿನಲ್‌ಗೆ ತಾಗದಂತೆ ಕಾಯಿಲ್ ಮೈಗೆ ಮಾತ್ರ.

ಕಂಡೆನ್ಸರ್ ಇನ್ನೂ ಕಿರಿಕಿರಿ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಭಾಗ ಇದು, ಬಿಸಿಗೆ ಕೈಕೊಡುವುದರಲ್ಲಿ ಮೊದಲನೆಯದು. ಡೆಲ್ಕೋ ಕ್ಯಾಪ್ ತೆಗೆದು, ಕೀ ಆನ್ ಇಟ್ಟು, ಮುಚ್ಚಿದ ಪಾಯಿಂಟನ್ನು ಸ್ಕ್ರೂಡ್ರೈವರ್‌ನಲ್ಲಿ ತೆರೆದು ನೋಡಿ. ಕಾಣಿಸಿಯೂ ಕಾಣದಷ್ಟು ಸಣ್ಣ ಕಿಡಿ ಸಹಜ. ದಪ್ಪ ಹಳದಿ ಕಿಡಿ ಬಂದರೆ ಕಂಡೆನ್ಸರ್ ಕೆಲಸ ಮಾಡುತ್ತಿಲ್ಲ. ಪದ್ಮಿನಿಯ ವಿಷಯದಲ್ಲೂ ಕಥೆ ಮುಚ್ಚಳಕ್ಕೇ ಮುಗಿಯಲಿಲ್ಲ. ಮುಚ್ಚಳ ಸರಿಮಾಡಿದ ಮೇಲೆ ಜಗ್ಗುವುದು ಪೂರ್ತಿ ನಿಂತಿತು, ಆದರೆ ಅಪರೂಪಕ್ಕೊಮ್ಮೆ ಏರಿನಲ್ಲಿ ಒಂದೇ ಸಲ ಕಟ್ ಆಗುವುದು ಉಳಿಯಿತು. ಲಕ್ಷಣ ಬೇರೆ, ಹಾಗಾಗಿ ದೋಷವೂ ಬೇರೆ. ಬಿಸಿ ಇದ್ದಾಗ ಪಾಯಿಂಟಿನಲ್ಲಿ ದಪ್ಪ ಕಿಡಿ ಕಂಡಿತು, ಪೊಟ್ಟಣದಿಂದ ಬಂದ ಕಂಡೆನ್ಸರ್ ತೆಗೆದು ಹಳೆಯದನ್ನೇ ವಾಪಸ್ ಹಾಕಿದೆವು.

ರೋಟರ್ ನೋಡುವಾಗ ಮೇಲಿನ ಹಿತ್ತಾಳೆ ಪಟ್ಟಿಗೆ ಹೊಡೆದ ರಿವೆಟ್ ಕೆಳಗಿನ ಶಾಫ್ಟ್‌ಗೆ ತೀರಾ ಹತ್ತಿರ ಇದೆಯಾ ಗಮನಿಸಿ. ಪ್ಲಾಸ್ಟಿಕ್ ಕಳಪೆಯಾಗಿದ್ದರೆ ಕಿಡಿ ಅದರ ಮೂಲಕವೇ ಶಾಫ್ಟ್‌ಗೆ ಇಳಿಯುತ್ತದೆ.

ಪೇಂಟ್ ಮಾಡಿಸಿದ ಗಾಡಿಗೇ ವಿಶೇಷವಾದ ದೋಷ ಒಂದಿದೆ: ಅರ್ತ್. ಬಾಡಿ, ಚಾಸಿ ಭಾಗ, ಎಂಜಿನ್ ಎಲ್ಲಕ್ಕೂ ಹೊಳೆಯುವ ಪೇಂಟು. ಅದರ ಮೇಲೇ ಅರ್ತ್ ಪಟ್ಟಿಯ ಬೋಲ್ಟು. ಶುರುವಿನಲ್ಲಿ ಬೋಲ್ಟಿನ ಎಳೆಯ ಮೂಲಕ ಹೇಗೋ ಕರೆಂಟ್ ದಾಟುತ್ತದೆ, ಒಂದು ಮಳೆಗಾಲ ಕಳೆದ ಮೇಲೆ ದಾಟುವುದಿಲ್ಲ. ಹೆಡ್‌ಲೈಟ್ ಮಂಕು, ಸೆಲ್ಫ್ ನಿಧಾನ, ಇಂಡಿಕೇಟರ್ ಹಾಕಿದರೆ ಬೇರೆ ಯಾವುದೋ ಬಲ್ಬು ಮಿನುಗುವುದು, ಎಲ್ಲ ಇದರದ್ದೇ. ಮಲ್ಟಿಮೀಟರ್ ಅನ್ನು ಬ್ಯಾಟರಿ ನೆಗೆಟಿವ್ ಮತ್ತು ಎಂಜಿನ್ ಬ್ಲಾಕ್ ನಡುವೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಬೋಲ್ಟ್ ಬಿಚ್ಚಿ, ಕೆಳಗಿನ ಪೇಂಟ್ ಲೋಹ ಕಾಣುವವರೆಗೆ ಕೆರೆದು, ಬಿಗಿದು, ಮೇಲೆ ವ್ಯಾಸಲೀನ್ ಹಚ್ಚಿ. ಆರು ಕೋಟು ಹೊಡೆಸಿದ ಪೇಂಟ್ ಕೆರೆಯಲು ಮನಸ್ಸು ಬರುವುದಿಲ್ಲ, ನಿಜ.

ಎರಡೂ ಸರಿಯಿದ್ದರೆ

ಕಿಡಿಯೂ ಇದೆ, ಪೆಟ್ರೋಲೂ ಇದೆ, ಸ್ಟಾರ್ಟ್ ಮಾತ್ರ ಆಗುತ್ತಿಲ್ಲ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಓವರ್ ಆಗಿದೆ. ಘಾಟಿ ಹತ್ತಿ ಬಂದು ಮಡಿಕೇರಿಯಲ್ಲಿ ಕಾಫಿ ಕುಡಿಯಲು ನಿಲ್ಲಿಸಿದಾಗ ಎಂಜಿನ್ ಬಿಸಿಗೆ ಫ್ಲೋಟ್ ಚೇಂಬರ್ ಕುದಿದು ಪೆಟ್ರೋಲ್ ಒಳಗೆ ಚೆಲ್ಲಿರುತ್ತದೆ. ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು, ಪಂಪ್ ಮಾಡದೆ, ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗುತ್ತದೆ.

ಬಿಸಿಯಲ್ಲಿ ಸೆಲ್ಫ್ ತಿರುಗುವುದೇ ಕಷ್ಟವಾದರೆ, ಅದೂ ಹೊಸದಾಗಿ ಬೋರ್ ಮಾಡಿಸಿದ ಎಂಜಿನ್ ಆದರೆ, ಪಿಸ್ಟನ್ ಬಿಗಿ ಇದೆ. ರನ್ನಿಂಗ್ ಇನ್ (ಹೊಸ ಭಾಗಗಳು ಪಳಗುವ ಮೊದಲ ಓಡಾಟ) ಮುಗಿಯುವವರೆಗೆ ಘಾಟಿ ಬೇಡ. ಕಿಡಿ ಹಾರುವ ಟೈಮಿಂಗ್ ತಡವಾಗಿದ್ದರೂ ಎಂಜಿನ್ ಬಿಸಿ ಕುಡಿಯುತ್ತದೆ. ಮಡಿಕೇರಿ ಎತ್ತರದಲ್ಲಿ ನೀರು ಸುಮಾರು 96 ಡಿಗ್ರಿಗೇ ಕುದಿಯುವುದರಿಂದ ಒತ್ತಡ ಹಿಡಿಯದ ರೇಡಿಯೇಟರ್ ಮುಚ್ಚಳ ಕೆಳಗೆ ತೋರಿಸದ ತೊಂದರೆಯನ್ನು ಮೇಲೆ ತೋರಿಸುತ್ತದೆ.

ಪ್ಲಗ್ ಬಣ್ಣ ನೋಡಿ ಕಾರ್ಬುರೇಟರ್ ತಿರುಪುವವರಿಗೆ ಒಂದು ಮಾತು. ಎತ್ತರದಲ್ಲಿ ಪೆಟ್ರೋಲ್-ಗಾಳಿ ಮಿಶ್ರಣ ದಪ್ಪವಾಗುತ್ತದೆ (ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಜಾಸ್ತಿ), ಎಥನಾಲ್‌ನಿಂದ ತೆಳುವಾಗುತ್ತದೆ. ಮಡಿಕೇರಿಯಲ್ಲಿ ಎರಡೂ ಒಂದಷ್ಟು ಸರಿದೂಗಿ ಪ್ಲಗ್ ಚೆಂದದ ಕಂದು ಬಣ್ಣ ತೋರಿಸುತ್ತದೆ. ಅದೇ ಗಾಡಿ ಮಂಗಳೂರಿನಲ್ಲಿ ಬಿಳಿಚಿಕೊಂಡಿರುತ್ತದೆ. ಜಾಸ್ತಿ ಓಡಿಸುವ ಊರಲ್ಲಿ ನೋಡಿ ತಿರುಪಿ.

ಬೆಳಗಿನ ಮಂಜಿನಲ್ಲಿ ಮಾತ್ರ ಸ್ಟಾರ್ಟ್ ಆಗದ ಗಾಡಿಗೆ ಈ ಯಾವ ಕಸರತ್ತೂ ಬೇಡ. ಡೆಲ್ಕೋ ಕ್ಯಾಪ್ ತೆಗೆದು ಒಳಗೆ ಹೊರಗೆ ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಕಂಡರೆ ಕ್ಯಾಪ್ ಬದಲಿಸಿ.

ಸರಿಹೋಯಿತು ಅನ್ನುವುದು ಹೇಗೆ?

ಒಂದು ಸಲ ಘಾಟಿ ಹತ್ತಿದ ಮಾತ್ರಕ್ಕೆ ಸರಿಹೋಯಿತು ಅನ್ನಲಾಗದು. ಬಿಟ್ಟುಬಿಟ್ಟು ಬರುವ ದೋಷ ತಾನಾಗಿಯೂ ಬಿಡುವು ಕೊಡುತ್ತದೆ. ನಂಬಬಹುದಾದ ದಾರಿ ದೋಷವನ್ನು ಬೇಕೆಂದೇ ವಾಪಸ್ ತರುವುದು. ಪದ್ಮಿನಿಗೆ ಬೀಗದ ಮುಚ್ಚಳವನ್ನೇ ಮತ್ತೆ ಹಾಕಿ, ಫುಲ್ ಟ್ಯಾಂಕ್ ಮಾಡಿ, ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಹೊರಟೆವು. ದೇವರಕೊಲ್ಲಿ ಮೇಲೆ ಜಗ್ಗಲು ಶುರುವಾಯಿತು. ಮುಚ್ಚಳ ಸಡಿಲಿಸಿದ ಕೂಡಲೇ ಎದ್ದಿತು. ಹಳೇ ಮುಚ್ಚಳ ಹಾಕಿದ ಮೇಲೆ ಮಡಿಕೇರಿವರೆಗೆ ತಕರಾರಿಲ್ಲ. ಕಂಡೆನ್ಸರ್‌ಗೂ ಹೀಗೇ ಮಾಡಬಹುದು, ಆದರೆ ಅದು ತಿರುವಿನಲ್ಲಿ ಏಕಾಏಕಿ ಎಂಜಿನ್ ಕಟ್ ಮಾಡುವ ಭಾಗವಾದ್ದರಿಂದ ಪರೀಕ್ಷೆಗೆ ಘಾಟಿ ಬೇಡ. ಶೆಡ್ಡಿನಲ್ಲಿ ಬಾನೆಟ್ ಮುಚ್ಚಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಬಾಗಿಲು ತೆರೆದಿಟ್ಟು ಓಡಿಸಿದರೆ ಸಾಕು.

ಬದಲಾಯಿಸಿ ತೆಗೆದ ಭಾಗಕ್ಕೆ ದಾರ ಕಟ್ಟಿ ಚೀಟಿ ಹಾಕಿಡಿ. ಯಾವ ಗಾಡಿಯದು, ಏನು ಲಕ್ಷಣ, ಬಿಸಿಯಲ್ಲಿ ಕೆಟ್ಟದ್ದೋ ತಣ್ಣಗಿದ್ದಾಗಲೋ ಅಂತ ಬರೆದಿಡಿ. ಕೆಟ್ಟ ಕಂಡೆನ್ಸರ್ ಒಳ್ಳೆಯದರ ಜೊತೆ ಒಂದೇ ಡಬ್ಬಿಯಲ್ಲಿ ಬಿದ್ದಿದ್ದರೆ ಮುಂದಿನ ವರ್ಷ ಅದೇ ಮತ್ತೆ ಗಾಡಿಗೆ ಹತ್ತುತ್ತದೆ.